ಗಾಜಿನ ಪೆಟ್ಟಿಗೆಯ ಪಾಷಾಣ

ತಂಗಿ ಗಾಜಿನ ಪೆಟ್ಟಿಗೆಯ ಮುಚ್ಚಳ ತೆಗೆದಳು. ಒಳಗಿದ್ದ ಬಿಳಿ ಗಡ್ಡೆಯನ್ನು ಬರಿಗೈಯಲ್ಲಿ ಎತ್ತಿಕೊಂಡಳು. ಎಲ್ಲರೂ ನೋಡುತ್ತಿದ್ದ ಹಾಗೇ ಅದನ್ನು ನಾಲಿಗೆಯ ತುದಿಗೆ ಮುಟ್ಟಿಸಿಕೊಂಡಳು.

“ಏಯ್, ಹುಚ್ಚು ಹಿಡೀತಾ ನಿಂಗೆ!” ಇನ್ಸ್‌ಪೆಕ್ಟರ್ ಓಡಿಬಂದು ಅವಳ ಮಣಿಕಟ್ಟು ಹಿಡಿದಳು. ಬಾಗಿಲ ಬಳಿ ನಿಂತಿದ್ದ ದಫೇದಾರನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

ಪೆಟ್ಟಿಗೆಯ ಮೇಲೆ ದುಂಡಗಿನ ಅಕ್ಷರದ ಚೀಟಿ ಅಂಟಿಸಿತ್ತು: ‘ಶಂಖಪಾಷಾಣ (ಆರ್ಸೆನಿಕ್). ಈ ಗಣಿಯ ಕೊನೆಯ ಉತ್ಪನ್ನ. ಮುಟ್ಟಬೇಡಿ.’

ತಂಗಿ ನಕ್ಕಳು. “ಪಟಿಕ ಕಣೇ ಅಕ್ಕ! ಗಡ್ಡ ಹೆರೆದಾದ್ಮೇಲೆ ಗಂಡಸರು ಕೆನ್ನೆಗೆ ಉಜ್ಕೊಳ್ಳಲ್ವಾ, ಅದೇ ಪಟಿಕ. ನೆನ್ನೆನೇ ಒಂದು ಚೂರು ಕೆರ್ಕೊಂಡು ಹೋಗಿ ಲ್ಯಾಬಲ್ಲಿ ನೋಡಿದ್ದೆ. ಇಲ್ದಿದ್ರೆ ನಾಲಿಗೆಗೆ ಇಟ್ಕೊತಿದ್ನಾ? ಅಷ್ಟು ದಡ್ಡಿ ಅಲ್ಲ ನಾನು.”

ದಡ್ಡಿ ಯಾರು ಎಂದು ಅವಳು ಹೇಳಲಿಲ್ಲ. ಈ ಪೆಟ್ಟಿಗೆಯ ಸುತ್ತ ವಾರದಿಂದ ಗಾಣದ ಎತ್ತಿನ ಹಾಗೆ ತಿರುಗಿದವಳು ಇನ್ಸ್‌ಪೆಕ್ಟರ್. ಪಾಷಾಣ ಇಟ್ಟ ಜಾಗದಲ್ಲೇ ಇದೆ, ಆದ್ದರಿಂದ ವಿಷ ಹೊರಗಿನಿಂದ ಬಂದದ್ದು ಎಂದು ಮೇಲಿನವರಿಗೆ ವರದಿ ಒಪ್ಪಿಸಿದವಳೂ ಅವಳೇ.

“ಎಂಥಾ ತಲೆ ಮೇಡಂ ಇವ್ರದ್ದು!” ಎಂದ ದಫೇದಾರ. ಎಷ್ಟೋ ವರ್ಷಗಳಿಂದ ಇನ್ಸ್‌ಪೆಕ್ಟರಳ ಕೈಕೆಳಗೆ ಕೆಲಸ ಮಾಡಿದ ಮನುಷ್ಯ. ಅವಳ ತಲೆಯ ಬಗ್ಗೆ ಅವನು ಒಮ್ಮೆಯೂ ಒಂದು ಒಳ್ಳೆಯ ಮಾತು ಆಡಿದ್ದಿಲ್ಲ.

ಹೋದ ವಾರ, ಈ ಮ್ಯೂಸಿಯಮ್ಮಿನ ಉದ್ಘಾಟನೆಯ ಹಿಂದಿನ ಸಂಜೆ, ಊರೆಲ್ಲ ‘ಗಣಿ ಮೇಷ್ಟ್ರು’ ಎನ್ನುತ್ತಿದ್ದ ಹಿರಿಯರು ಇದೇ ಕೋಣೆಯಲ್ಲಿ ಕಾಫಿ ಕುಡಿದಿದ್ದರು. ಬೆಳಗಾಗುವುದರೊಳಗೆ ತೀರಿಕೊಂಡಿದ್ದರು. ಹೊಟ್ಟೆಯಲ್ಲಿ ಸಿಕ್ಕಿದ್ದು ಪಾಷಾಣ.

“ಇನ್ನೊಂದಿದೆ ಅಕ್ಕ. ಕೆಳಗಿನ ಬಟ್ಟೆ ನೋಡು. ಬಿಸಿಲಿಗೆ ಬಣ್ಣ ಪೂರ್ತಿ ಹೋಗಿದೆ. ಪಟಿಕ ಕೂತ ಜಾಗದಲ್ಲಿ ಮಾತ್ರ ಅಚ್ಚು ಒತ್ತಿದ ಹಾಗೆ ಕೆಂಪು ಉಳಿದಿದೆ. ಅಂದ್ರೆ...”

“ಗೊತ್ತಾಯ್ತು ಬಿಡು,” ಎಂದು ಇನ್ಸ್‌ಪೆಕ್ಟರ್ ಮಾತು ಮುರಿದಳು. ಅವಳಿಗೇನೂ ಗೊತ್ತಾಗಿರಲಿಲ್ಲ. ಆದರೆ ದಫೇದಾರನ ಎದುರು ಇನ್ನೊಂದು ಪಾಠ ಹೇಳಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ.

ಬೆಳಿಗ್ಗೆ ಸಾಹೇಬರು ಫೋನಿನಲ್ಲಿ ಹೇಳಿದ್ದು ಕಿವಿಯಲ್ಲಿ ಇನ್ನೂ ಗುಂಯ್ ಎನ್ನುತ್ತಿತ್ತು: “ನಿಮ್ಮ ತಂಗಿ ಬಂದ್ಮೇಲೆ ಕೇಸಿಗೆ ಜೀವ ಬಂತು ನೋಡಿ.” ಅದರ ಬೆನ್ನಿಗೇ ಅಮ್ಮನ ಫೋನು: “ಅವಳಿಗೆ ಧೂಳು ಆಗಲ್ಲ ಕಣೇ, ಆ ಗಣಿ ಒಳಗೆಲ್ಲ ಕರ್ಕೊಂಡು ಹೋಗ್ಬೇಡ.” ತನಗೆ ಧೂಳು ಆಗುತ್ತದೋ ಇಲ್ಲವೋ ಎಂದು ಅಮ್ಮ ಒಮ್ಮೆಯೂ ಕೇಳಿದ್ದಿಲ್ಲ.

ಅಪ್ಪ ತೀರಿಕೊಂಡ ವರ್ಷ ಇಬ್ಬರಲ್ಲಿ ಒಬ್ಬಳು ಓದು ಬಿಡಬೇಕಾಗಿತ್ತು. ದೊಡ್ಡವಳು ಖಾಕಿ ತೊಟ್ಟಳು, ಚಿಕ್ಕವಳು ರಸಾಯನಶಾಸ್ತ್ರ ಓದಿ ಪೊಲೀಸ್ ಲ್ಯಾಬು ಸೇರಿದಳು. ಯಾರೂ ಯಾರನ್ನೂ ಒತ್ತಾಯ ಮಾಡಿರಲಿಲ್ಲ. ಅದಕ್ಕೇ ಬೈಯಲು ಯಾರೂ ಸಿಗುತ್ತಿರಲಿಲ್ಲ.

ಇನ್ಸ್‌ಪೆಕ್ಟರ್ ಕೋಣೆಯ ಸುತ್ತ ಕಣ್ಣಾಡಿಸಿದಳು. ಹಿಂದೆ ಇದು ಗಣಿ ಕಂಪನಿಯ ತೂಕದ ಕಚೇರಿ. ಒಂದು ಗೋಡೆಯ ತುಂಬ ಗಣಿಯಲ್ಲಿ ತಾಮ್ರ ತೆಗೆಯುತ್ತಿದ್ದ ಕಾಲದ ಫೋಟೋಗಳು: ಅದಿರು ತುಂಬಿದ ಗಾಡಿಗಳು, ಮೀಸೆ ತಿರುವಿದ ಮೇಸ್ತ್ರಿಗಳು, ಬಾವಿಯಂಥ ಗುಂಡಿಗೆ ಇಳಿಯುವ ಗಂಡಸರು.

ಎದುರು ಗೋಡೆಯದ್ದು ಬೇರೆ ಲೋಕ. ತಾಮ್ರದ ಬೆಲೆ ಬಿದ್ದ ಮೇಲೆ, ಕಸವೆಂದು ರಾಶಿ ಹಾಕಿದ್ದ ಕಲ್ಲಿನಲ್ಲೇ ಪಾಷಾಣ ಇದೆಯೆಂದು ಕಂಪನಿಗೆ ಹೊಳೆಯಿತು. ಬೆಳೆಯ ಹುಳಕ್ಕೆ, ಗಾಜಿಗೆ, ಗೋಡೆಯ ಹಸಿರು ಬಣ್ಣಕ್ಕೆ ಅದು ಬೇಕಿತ್ತು. ಕಲ್ಲನ್ನು ಕುಲುಮೆಯಲ್ಲಿ ಹುರಿದು, ಹೊಗೆಯನ್ನು ಸುತ್ತುಬಳಸಿನ ಇಟ್ಟಿಗೆ ಕೋಣೆಗಳ ಮೂಲಕ ಹಾಯಿಸುತ್ತಿದ್ದರು. ಹೊಗೆ ತಣ್ಣಗಾಗಿ ಗೋಡೆಗೆ ಬಿಳಿ ಪುಡಿಯಾಗಿ ಹೆಪ್ಪುಗಟ್ಟುತ್ತಿತ್ತು. ಅದನ್ನು ಕೆರೆಯುತ್ತಿದ್ದವರು ಹೆಂಗಸರು. ಫೋಟೋದಲ್ಲಿ ಅವರ ಮುಖಕ್ಕೆಲ್ಲ ಜೇಡಿಮಣ್ಣು ಮೆತ್ತಿತ್ತು, ಮೂಗಿಗೆ ಹತ್ತಿ ತುರುಕಿತ್ತು. ಕಣ್ಣುಗಳು ಮಾತ್ರ ಕಾಣುತ್ತಿದ್ದವು.

“ಈ ಪೆಟ್ಟಿಗೆ ಕೀಲಿಕೈ ಎಷ್ಟಿವೆ?” ಎಂದು ಕೇಳಿದಳು.

“ಎರಡು ಮೇಡಂ,” ಎಂದ ದಫೇದಾರ. “ಒಂದು ಮೇಷ್ಟ್ರ ಜೇಬಲ್ಲಿತ್ತು. ಇನ್ನೊಂದು ಹಿಂದಿರೋ ಅವ್ರ ಮನೆ ಅಡುಗೆಮನೆ ಮೊಳೆಗೆ ನೇತಾಕಿದೆ.”

ಇನ್ಸ್‌ಪೆಕ್ಟರ್ ಸರಸರನೆ ಹಿತ್ತಲು ದಾಟಿ ಮೇಷ್ಟ್ರ ಮನೆಯ ಬಚ್ಚಲಿಗೆ ನುಗ್ಗಿದಳು. ಗೂಡಿನಲ್ಲಿ ಬ್ರಷ್ಷು, ರೇಜರು, ಸೋಪಿನ ಬಟ್ಟಲು. ಅವುಗಳ ಪಕ್ಕದಲ್ಲಿ ಏನೋ ಬಹುಕಾಲ ಕೂತು ಎದ್ದುಹೋದ ಬಿಳಿ ಕಲೆ. ಪಟಿಕ ಇರಲಿಲ್ಲ.

 ಗಂಡನ ಪಟಿಕ ಇರುವ ಜಾಗ ಹೆಂಡತಿಗೆ ಗೊತ್ತು. ಕೀಲಿಕೈ ಹೆಂಡತಿಯ ಮೊಳೆಯಲ್ಲಿದೆ. ಕಾಫಿ ಹೆಂಡತಿಯ ಮನೆಯದ್ದು. ಇನ್ನೇನು ಬೇಕು? ಇದನ್ನು ಕಂಡುಹಿಡಿದದ್ದು ತಾನು, ಲ್ಯಾಬಿನ ಬಾಟಲಿಯಲ್ಲ.

ಹೊರಗೆ ಬಂದು ತಂಗಿಗೆ ಹೇಳಿದಳು: “ನೀನು ಇನ್ನು ಲ್ಯಾಬಿಗೆ ಹೊರಡು. ಮೇಷ್ಟ್ರ ಕೂದಲಿಂದು ರಿಸಲ್ಟ್ ಬರೋದಿದೆ ಅಂದಿದ್ದೆ.”

“ಮೇಷ್ಟ್ರ ಹೆಂಡ್ತಿ ಹತ್ರ ಮಾತಾಡುವಾಗ ನಾನೂ ಇರ್ತೀನಲ್ಲ?”

“ಬೇಡ. ಪೊಲೀಸ್ ಕೆಲಸ ಅದು.”

ತಂಗಿ ಒಂದು ಗಳಿಗೆ ಅಕ್ಕನ ಮುಖ ನೋಡಿದಳು. ತನ್ನ ಕೈಚೀಲ ಹೆಗಲಿಗೆ ಏರಿಸಿಕೊಂಡು ಜೀಪು ಹತ್ತಿದಳು.

ಮನೆಯ ಮೆಟ್ಟಿಲ ಮೇಲೆ ಕನ್ನಡಕದ ಹುಡುಗಿ ಕೂತಿದ್ದಳು. ಗಣಿಯ ಇತಿಹಾಸದ ಮೇಲೆ ಸಂಶೋಧನೆ ಮಾಡಲು ಬಂದು, ವರ್ಷದಿಂದ ಈ ಮನೆಗೆ ಎಡತಾಕುತ್ತಿದ್ದವಳು. ಅತ್ತೂ ಅತ್ತೂ ಮೂಗು ಕೆಂಪಗಾಗಿತ್ತು. ಮೇಷ್ಟ್ರು ಕಾಫಿ ಕುಡಿದ ಸಂಜೆ ಇವಳೂ ಆ ಕೋಣೆಯಲ್ಲಿದ್ದಳು.

“ನೀನು ಬಂದ್ರೆ ಮೇಷ್ಟ್ರ ಹೆಂಡ್ತಿ ಹೇಗಿರ್ತಿದ್ರು?”

“ಚೆನ್ನಾಗೇ ಇರ್ತಿದ್ರು ಮೇಡಂ. ಮೇಷ್ಟ್ರೇ ಸ್ವಲ್ಪ...”

“ಮೇಷ್ಟ್ರ ವಿಷಯ ಕೇಳ್ಲಿಲ್ಲ ನಾನು,” ಎಂದು ಇನ್ಸ್‌ಪೆಕ್ಟರ್ ಒಳಗೆ ಹೋದಳು. ಅವಳ ಮನಸ್ಸಿನಲ್ಲಿ ಕಥೆ ಆಗಲೇ ಸಿದ್ಧವಾಗಿತ್ತು. ಮುದುಕ ಗಂಡ, ಎಳೆ ಹುಡುಗಿ, ಮೂಲೆಗೆ ಬಿದ್ದ ಹೆಂಡತಿ. ಮೂಲೆಗೆ ಬೀಳುವುದು ಎಂದರೇನೆಂದು ಅವಳಿಗೆ ಯಾರೂ ಕಲಿಸಿಕೊಡಬೇಕಾಗಿರಲಿಲ್ಲ.

ಮೇಷ್ಟ್ರ ಹೆಂಡತಿ ಅಡುಗೆಮನೆಯ ಕಿಟಕಿಯ ಬಳಿ ಲೋಟ ಒರೆಸುತ್ತಿದ್ದರು. ಎತ್ತರದ ಹೆಂಗಸು, ಗಟ್ಟಿ ಕಂಠ. ಬಂದವರಿಗೆಲ್ಲ ಗಣಿ ತೋರಿಸಿ ಕಥೆ ಹೇಳುತ್ತಿದ್ದವರು. ಈಗ ಕೈಯಿಂದ ಲೋಟ ಜಾರಿ ಠಣ್ಣನೆ ನೆಲಕ್ಕೆ ಬಿತ್ತು.

“ಕೈಯಲ್ಲಿ ಹಿಡಿತಾನೇ ಇಲ್ಲಮ್ಮ ಈಚೆಗೆ,” ಎಂದರು. “ಪಾದದಲ್ಲೂ ಇರುವೆ ಹರಿದ ಹಾಗೆ ಜುಮುಜುಮು. ಕೂತ್ಕೊಳ್ಳಿ.”

ಹೆದರಿಕೆ, ಅಂದುಕೊಂಡಳು ಇನ್ಸ್‌ಪೆಕ್ಟರ್. ಕೂರಲಿಲ್ಲ.

“ಪೆಟ್ಟಿಗೆಯಲ್ಲಿದ್ದದ್ದು ಪಾಷಾಣ ಅಲ್ಲ, ಪಟಿಕ. ನಿಮ್ಮ ಬಚ್ಚಲಿನ ಪಟಿಕ. ಕೀಲಿಕೈ ನಿಮ್ಮ ತಲೆ ಮೇಲೇ ನೇತಾಡ್ತಿದೆ. ಏನು ಹೇಳ್ತೀರಿ?”

ಆ ಮುಖದಲ್ಲಿ ಏನೋ ಒಂದು ಕದಲಿ ಮತ್ತೆ ಸ್ವಸ್ಥಾನಕ್ಕೆ ಬಂತು. “ಪಟಿಕಾನಾ? ಗಡ್ಡ ಹೆರ್ಕೊಂಡಾಗ ಅವ್ರು ಅದನ್ನ ಹುಡುಕಿದ್ದನ್ನೇ ನಾನು ಕಾಣೆ ಬಹಳ ದಿನದಿಂದ.”

“ಮಾತು ಹಾರಿಸ್ಬೇಡಿ. ಆ ಹುಡುಗಿ ಬಂದಾಗಿನಿಂದ ನಿಮಗೆ ಹೊಟ್ಟೆಕಿಚ್ಚು. ಹೌದೋ ಅಲ್ವೋ?”

ಮೇಷ್ಟ್ರ ಹೆಂಡತಿ ಅವಳನ್ನು ದಿಟ್ಟಿಸಿ ನೋಡಿದರು. ಆಮೇಲೆ, ಗಂಡ ಸತ್ತು ವಾರ ಕಳೆದ ಆ ಹೆಂಗಸು ನಕ್ಕರು. ಬೇಸರದ ನಗು.

“ಈ ಮನೇಲಿ ಹೊಟ್ಟೆಕಿಚ್ಚು ಇತ್ತಮ್ಮ, ಇಲ್ಲ ಅನ್ನಲ್ಲ. ಆದ್ರೆ ಅದು ನಂದಲ್ಲ.”

“ಮತ್ತೆ?”

“ಆ ಮಗು ಬರ್ತಿದ್ದದ್ದು ಅವ್ರ ಹತ್ರ ಅಲ್ಲ, ನನ್ನ ಹತ್ರ. ನನ್ನಜ್ಜಿ ಆ ಹೊಗೆ ಕೋಣೇಲಿ ಪಾಷಾಣ ಕೆರೆದವಳು. ಅವಳು ಹೇಳಿದ್ದನ್ನೆಲ್ಲ ನಾನು ಹೇಳ್ತಿದ್ದೆ, ಹುಡುಗಿ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊತಿದ್ಲು. ನಮ್ಮವ್ರಿಗೆ ತಾಮ್ರ ಎಷ್ಟು ಟನ್ನು, ಕಂಪನಿ ಯಾವಾಗ ಮುಳುಗ್ತು ಎಲ್ಲ ಬಾಯಿಪಾಠ. ಜೀವನ ಪೂರ್ತಿ ಸವೆಸಿದ್ರು ಅದಕ್ಕೆ. ಆದ್ರೆ ಬಂದವರು ಆಕಳಿಸ್ತಿದ್ರು ಕಣಮ್ಮ. ಆಮೇಲೆ ‘ಅಮ್ಮ ಇಲ್ವಾ? ಅಮ್ಮ ಹೇಳ್ಲಿ’ ಅಂತಿದ್ರು.”

 ‘ನಿಮ್ಮ ತಂಗಿ ಬಂದ್ಮೇಲೆ’ ಎಂದ ಸಾಹೇಬರ ದನಿ ಎಲ್ಲಿಂದಲೋ ತೂರಿಬಂತು. ಇನ್ಸ್‌ಪೆಕ್ಟರ್ ಅದನ್ನು ಬದಿಗೆ ತಳ್ಳಿದಳು.

“ಉದ್ಘಾಟನೆ ದಿನ ವೇದಿಕೆ ಮೇಲೆ ಮಾತಾಡೋರು ಯಾರು ಅಂತ ಮ್ಯೂಸಿಯಂ ಕಮಿಟಿಯವರು ಏಳೆಂಟು ತಿಂಗಳ ಹಿಂದೆನೇ ಕೂತು ನನ್ನ ಹೆಸ್ರು ಹೇಳಿದ್ರು,” ಎಂದರು ಆಕೆ. “ಅವತ್ತಿಂದ ಅವ್ರು ನನ್ನ ಜೊತೆ ಮಾತು ಬಿಟ್ರು. ನನಗೂ ಸಾಕಾಗಿತ್ತು. ನಾನು ಮಾತಾಡಲ್ಲ, ನೀವೇ ಮಾತಾಡಿ ಅಂದೆ. ಅದಕ್ಕೆ ಅವ್ರು, ‘ಭಿಕ್ಷೆ ಬೇಡ ನನಗೆ’ ಅಂದ್ಬಿಟ್ರು. ಸ್ವಲ್ಪ ದಿನ ಆದ್ಮೇಲೆ ಇದ್ದಕ್ಕಿದ್ದ ಹಾಗೆ ಸರಿಹೋದ್ರು. ದಿನಾ ಸಂಜೆ ತಾವೇ ಕಾಫಿ ಮಾಡಿ ತಂದು ಕೊಡೋರು. ಮದುವೆ ಆದಾಗಿನಿಂದ ಒಲೆ ಹಚ್ಚಿದವರಲ್ಲ ಅವ್ರು. ಮನಸ್ಸು ತಿಳಿಯಾಯ್ತು ಅಂದ್ಕೊಂಡೆ.”

“ಆ ಸಂಜೆ ಕಾಫಿ ಮಾಡಿದ್ದು ಯಾರು?”

“ಅವ್ರೇ. ಎರಡು ಲೋಟ ತಂದ್ರು ಆ ಕೋಣೆಗೆ. ಒಂದು ನಂದು, ಒಂದು ಅವ್ರದ್ದು. ಅಷ್ಟರಲ್ಲಿ ಹುಡುಗಿ ಬಂದ್ಲು. ಬಂದ ಮಗುಗೆ ಕಾಫಿ ಕೊಡದೆ ನಾವು ಕುಡಿಯೋಕಾಗುತ್ತಾ? ಅವ್ರು ತಮ್ಮ ಲೋಟ ಅವಳಿಗೆ ಕೊಟ್ರು.”

“ಹಾಗಾದ್ರೆ ಅವ್ರಿಗೆ?”

“ನನ್ನ ಲೋಟ ಕೊಟ್ಟೆ. ನೀವು ಕುಡೀರಿ ಅಂದೆ.” ಆಕೆ ಒರೆಸುವ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟರು. “ನಾನೇ ಕೊಟ್ಟೆ ಕಣಮ್ಮ. ನನ್ನ ಕೈಯಾರೆ.”

ಇಷ್ಟೇ ಸಾಕಾಗಿತ್ತು. ಇನ್ಸ್‌ಪೆಕ್ಟರ್ ಬಾಗಿಲ ಕಡೆ ತಿರುಗಿ ದಫೇದಾರನನ್ನು ಕೂಗಿದಳು. ಜೇಬಿನಿಂದ ಫೋನು ತೆಗೆದು ಸಾಹೇಬರ ನಂಬರು ಹುಡುಕತೊಡಗಿದಳು. ಈ ಸಲ ಸಾಹೇಬರು ಹೊಗಳಬೇಕಾದದ್ದು ಯಾರನ್ನು ಎಂಬುದರಲ್ಲಿ ಅನುಮಾನ ಇರಲಿಲ್ಲ.

ಒಳಗೆ ಬಂದದ್ದು ದಫೇದಾರನಲ್ಲ, ತಂಗಿ. ಏದುಸಿರು ಬಿಡುತ್ತಿದ್ದಳು.

“ಅಕ್ಕ, ಫೋನ್ ಇಡು. ಒಂದ್ನಿಮಿಷ.”

“ಈಗಲ್ಲ. ಇವ್ರು ಒಪ್ಕೊಂಡಾಯ್ತು.”

“ಫೋನ್ ಇಡು ಅಂದೆ!”

ಅಕ್ಕನ ಮೇಲೆ ಅವಳು ದನಿ ಏರಿಸಿದ್ದು ಇದೇ ಮೊದಲು. ಇನ್ಸ್‌ಪೆಕ್ಟರಳ ಹೆಬ್ಬೆರಳು ಹಾಗೇ ನಿಂತಿತು.

“ನೀನು ಮೇಷ್ಟ್ರ ಕೂದಲು ನೋಡು ಅಂತ ಹೇಳಿದ್ದೆ. ಬಚ್ಚಲಿನ ಬಾಚಣಿಗೆ ನೆನ್ನೆ ತಗೊಂಡು ಹೋಗಿದ್ದೆ. ಅದರಲ್ಲಿ ಗಿಡ್ಡ ಕೂದಲೂ ಇತ್ತು, ಉದ್ದ ಕೂದಲೂ ಇತ್ತು. ಎರಡನ್ನೂ ಪರೀಕ್ಷೆಗಿಟ್ಟಿದ್ದೆ, ದಾರೀಲೇ ಲ್ಯಾಬಿಂದ ಫೋನ್ ಬಂತು.” ತಂಗಿ ಉಸಿರು ಎಳೆದುಕೊಂಡಳು. “ಮೇಷ್ಟ್ರ ಕೂದಲಲ್ಲಿ ಏನೂ ಇಲ್ಲ. ಒಂದೇ ಸಲ ಹೊಟ್ಟೆಗೆ ಹೋಗಿ, ಕೂದಲಿಗೆ ಏರೋಕೆ ಮುಂಚೆನೇ ಹೋಗ್ಬಿಟ್ರು. ಆದ್ರೆ ಉದ್ದ ಕೂದಲಲ್ಲಿ ಬುಡದಿಂದ ನಾಲ್ಕು ಬೆರಳಗಲದವರೆಗೂ ಪಾಷಾಣ ಇದೆ, ಅಕ್ಕ. ತಿಂಗಳುಗಟ್ಟಲೆ. ಚಿಟಿಕೆ ಚಿಟಿಕೆಯಾಗಿ.”



ಉದ್ದ ಕೂದಲಿನ ಒಡತಿ ಕಿಟಕಿಯ ಬಳಿ ನಿಂತೇ ಇದ್ದರು. ಆಕೆ ಬೆಚ್ಚಲಿಲ್ಲ. ಯಾವಾಗಲೋ ಬರಬೇಕಾಗಿದ್ದ ನೆಂಟರು ಕೊನೆಗೂ ಬಂದರೆಂಬಂತೆ ತಲೆಯಾಡಿಸಿದರು.

ಇನ್ಸ್‌ಪೆಕ್ಟರಿಗೆ ಬೆಳಗಿನ ಕೆಂಪು ಬಟ್ಟೆ ನೆನಪಾಯಿತು. ಪಟಿಕದ ಕೆಳಗೆ ಮಾತ್ರ ಉಳಿದ ಬಣ್ಣ. ಬಿಸಿಲು ಬಟ್ಟೆಯನ್ನು ಹಾಗೆ ತಿನ್ನಬೇಕಾದರೆ ತಿಂಗಳುಗಳೇ ಬೇಕು. ಪಟಿಕ ಪೆಟ್ಟಿಗೆ ಸೇರಿದ್ದು ಹೋದ ವಾರವಲ್ಲ. ತಂಗಿ ಅದನ್ನೇ ಹೇಳಹೊರಟಿದ್ದಳು. ಬಾಯಿ ಮುಚ್ಚಿಸಿದವಳು ತಾನು.

ಗಡ್ಡ ಹೆರೆದುಕೊಳ್ಳುವವನು ಪಟಿಕ ಕಳೆದುಹೋದರೆ ಹುಡುಕದೆ ಇರುವುದು ಯಾವಾಗ? ಅದು ಎಲ್ಲಿದೆಯೆಂದು ಅವನಿಗೆ ಗೊತ್ತಿದ್ದಾಗ.

“ನಿಮ್ಮ ಅಂಗೈ ತೋರ್ಸಿ,” ಎಂದಳು ಇನ್ಸ್‌ಪೆಕ್ಟರ್. ಅವಳ ದನಿ ತಾನಾಗಿಯೇ ತಗ್ಗಿತ್ತು.

ಮೇಷ್ಟ್ರ ಹೆಂಡತಿ ಎರಡೂ ಕೈ ಚಾಚಿದರು. ಚರ್ಮ ಒರಟಾಗಿ, ಜೋಳದ ಕಾಳಿನಂಥ ಗಟ್ಟಿ ಗಂಟುಗಳು ಎದ್ದಿದ್ದವು.

“ನನ್ನಜ್ಜಿ ಕೈ ಹೀಗೇ ಇತ್ತು,” ಎಂದರು. “ಚಿಕ್ಕವಳಿದ್ದಾಗ ಅವಳ ಅಂಗೈ ಮೇಲೆ ಬೆರಳು ಆಡಿಸಿ ಆಟ ಆಡ್ತಿದ್ದೆ. ಪಾಷಾಣದ ಕೈ ಅಂತ ಅವಳೇ ಹೇಳಿದ್ದಳು. ಹೋದ ತಿಂಗಳು ಪಾತ್ರೆ ತೊಳೀತಾ ನನ್ನ ಕೈ ನೋಡ್ಕೊಂಡೆ. ನಾನು ಯಾವತ್ತೂ ಆ ಹೊಗೆ ಕೋಣೆಗೆ ಕೈ ಹಾಕಿದವಳಲ್ಲ.”

“ಹಾಗಾದ್ರೆ ಲೋಟ ಕೊಡುವಾಗ ನಿಮಗೆ ಗೊತ್ತಿತ್ತು.”

“ಗೊತ್ತಿರ್ಲಿಲ್ಲ. ಅನುಮಾನ ಇತ್ತು.” ಮೊದಲ ಸಲ ಆ ಗಟ್ಟಿ ಕಂಠ ಒಡೆಯಿತು. “ಗಂಡನ ಮೇಲೆ ಅಂಥ ಅನುಮಾನ ಇಟ್ಕೊಂಡು ಬದುಕೋದು ಹೇಗಮ್ಮ? ಕೊಟ್ಟು ನೋಡೋಣ ಅನ್ನಿಸ್ತು. ಏನಾದ್ರೂ ಬೆರೆಸಿದ್ರೆ ಕುಡಿಯಲ್ಲ, ಚೆಲ್ತಾರೆ, ಏನಾದ್ರೂ ನೆಪ ಹೇಳ್ತಾರೆ ಅಂದ್ಕೊಂಡೆ. ಅವ್ರು ನನ್ನ ಮುಖ ನೋಡಿದ್ರು. ಹುಡುಗಿ ಮುಖ ನೋಡಿದ್ರು. ಅವಳು ಮೊಬೈಲ್ ಹಿಡ್ಕೊಂಡು ರೆಕಾರ್ಡ್ ಮಾಡ್ತಿದ್ಲು, ಮೇಷ್ಟ್ರು ಅಮ್ಮ ಒಟ್ಟಿಗೆ ಕಾಫಿ ಕುಡಿಯೋದು ಅಂತ. ಅವ್ರು ಕುಡಿದ್ಬಿಟ್ರು. ಒಂದು ತೊಟ್ಟೂ ಬಿಡ್ಲಿಲ್ಲ.”

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಬೆರಳ ಸಂದಿನಿಂದ ಮಾತು ಹೊರಬಂತು.

“ನನಗೆ ಆಗ ಎಷ್ಟು ಸಮಾಧಾನ ಆಯ್ತು ಗೊತ್ತಾ? ಥೂ, ಎಂಥಾ ಪಾಪಿ ನಾನು, ನಮ್ಮವ್ರು ಅಂಥವರಲ್ಲ ಅಂತ ಮನಸ್ಸಲ್ಲೇ ಕೈ ಮುಗಿದೆ.”

ತಂಗಿಯ ಕಣ್ಣು ತುಂಬಿತ್ತು. ಅವಳು ಮೆಲ್ಲಗೆ ಹೇಳಿದಳು: “ಮಾರನೇ ದಿನ ನೀವು ವೇದಿಕೆ ಹತ್ತೋದು ಅವ್ರಿಗೆ ಬೇಡವಾಗಿತ್ತು. ಅದಕ್ಕೆ ಆ ದಿನ ಚಿಟಿಕೆ ಸಾಲ್ಲಿಲ್ಲ ಅವ್ರಿಗೆ. ಜಾಸ್ತಿ ಹಾಕಿದ್ರು.”

ಇನ್ಸ್‌ಪೆಕ್ಟರ್ ಅಲ್ಲೇ ಇದ್ದ ಮಣೆಯ ಮೇಲೆ ಕುಸಿದು ಕೂತಳು. ಹೆಂಡತಿಗೆ ಜನ ಚಪ್ಪಾಳೆ ತಟ್ಟುವುದನ್ನು ಆ ಮನುಷ್ಯ ಎಷ್ಟು ಸಂಜೆ ಬಾಗಿಲ ಮರೆಯಲ್ಲಿ ನಿಂತು ಕೇಳಿರಬಹುದು? ಪ್ರೀತಿ ಇರಲಿಲ್ಲವೆಂದಲ್ಲ. ಪ್ರೀತಿ ಇದ್ದೂ, ಅವಳೊಮ್ಮೆ ತೊದಲಲಿ, ಅವಳೊಮ್ಮೆ ಎಡವಲಿ ಎಂದು ಬಯಸುವ ಆ ರುಚಿ. ಅದು ಇನ್ಸ್‌ಪೆಕ್ಟರಿಗೆ ಅಪರಿಚಿತವಾಗಿರಲಿಲ್ಲ. ಅದಕ್ಕೇ ವಾರವೆಲ್ಲ ಅದನ್ನು ಈ ಮನೆಯಲ್ಲಿ ವಾಸನೆ ಹಿಡಿದಿದ್ದಳು. ಆ ಹೊಟ್ಟೆಕಿಚ್ಚು ಯಾರದ್ದೆಂಬ ಲೆಕ್ಕ ಮಾತ್ರ ತಪ್ಪಿತ್ತು.

“ಪೆಟ್ಟಿಗೆಯಲ್ಲಿದ್ದ ನಿಜವಾದ ಗಡ್ಡೆ?” ಎಂದು ಕೊನೆಗೆ ಕೇಳಿದಳು. “ಇಡೀ ಊರಿಗೆ ಸಾಕಾಗುವಷ್ಟಿದೆ ಅದು. ಎಲ್ಲಿಟ್ಟಿದ್ರು?”

“ಅವ್ರ ಟ್ರಂಕಲ್ಲಿ, ಪಂಚೆಗಳ ಅಡಿಯಲ್ಲಿ. ಅವ್ರು ಹೋದ ಮಾರನೇ ದಿನ ಸಿಕ್ತು.” ಆಕೆ ಕಣ್ಣೊರೆಸಿಕೊಂಡರು. “ಅದು ಸಿಕ್ಕಾಗಲೇ ಅನುಮಾನ ಹೋಗಿ ಖಾತ್ರಿ ಆಗಿದ್ದು. ನಿಮಗೆ ಹೇಳ್ಬೇಕಿತ್ತು, ತಪ್ಪಾಯ್ತು. ಮ್ಯೂಸಿಯಂ ಬಾಗಿಲ ಮೇಲೆ ಅವ್ರ ಹೆಸರು ಬರೆಸ್ತಾರಂತೆ. ಅಷ್ಟಾದ್ರೂ ಉಳೀಲಿ ಅಂತ ಬಚ್ಚಿಟ್ಟೆ.”

“ಎಲ್ಲಿ?”

ಮೇಷ್ಟ್ರ ಹೆಂಡತಿ ಮೇಲಿನ ಹಲಗೆಗೆ ಕೈ ಚಾಚಿದರು. ಡಬ್ಬಿಗಳ ಸಾಲಿನ ಹಿಂದಿನಿಂದ ಹಳೆಯ ತವರದ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸಿದರು. ಹಿಡಿದ ಕೂಡಲೇ ಆಕೆಯ ಹುಬ್ಬು ಗಂಟಿಕ್ಕಿತು. ಮುಚ್ಚಳ ತಿರುಚಿದರು.

ಡಬ್ಬಿ ಖಾಲಿ. ತಳದಲ್ಲಿ ಬಿಳಿ ಧೂಳಿನ ಒಂದು ಗೆರೆ ಮಾತ್ರ.

“ಇತ್ತಲ್ಲ!” ಆಕೆ ಡಬ್ಬಿಯನ್ನು ತಲೆಕೆಳಗು ಮಾಡಿದರು. “ನೆನ್ನೆ ಬೆಳಿಗ್ಗೆ ನೋಡಿದ್ದೆ, ಇತ್ತು!”

ಇನ್ಸ್‌ಪೆಕ್ಟರ್ ಎದ್ದು ನಿಂತಳು. “ನೆನ್ನೆಯಿಂದ ಈ ಅಡುಗೆಮನೆಗೆ ಯಾರ್ಯಾರು ಬಂದಿದ್ರು? ಆ ಹುಡುಗಿ?”

“ಇಲ್ಲಮ್ಮ. ಅವಳು ಮೆಟ್ಟಿಲು ದಾಟಿ ಒಳಗೇ ಬಂದಿಲ್ಲ, ಅವತ್ತಿಂದ ಅವಳಿಗೆ ಭಯ. ದಫೇದಾರರೂ ಹೊರಗೇ ಇದ್ರು.” ಮೇಷ್ಟ್ರ ಹೆಂಡತಿಯ ದೃಷ್ಟಿ ಇನ್ಸ್‌ಪೆಕ್ಟರಳನ್ನು ದಾಟಿ ಹಿಂದಕ್ಕೆ ಹೋಯಿತು, ಅಲ್ಲೇ ನಿಂತಿತು. “ಬಂದಿದ್ದು ಇವ್ರೊಬ್ರೇ, ಬಾಚಣಿಗೆ ತಗೊಂಡು ಹೋಗೋಕೆ ಬಂದಾಗ. ಕುಡಿಯೋಕೆ ನೀರು ಕೇಳಿದ್ರು. ನಾನು ನೀರು ತರೋಕೆ ಹಿತ್ತಿಲಿಗೆ ಹೋಗಿದ್ದೆ.”

ಇನ್ಸ್‌ಪೆಕ್ಟರ್ ತಿರುಗಿ ನೋಡಿದಳು.

ತಂಗಿ ಬಾಗಿಲಿಗೆ ಒರಗಿ ನಿಂತಿದ್ದಳು. ಇಲ್ಲವೆನ್ನಲಿಲ್ಲ. ಅವಳ ಮುಖದ ಬಣ್ಣ ಇಳಿದುಹೋಗಿತ್ತು. ಎರಡೂ ಕೈಗಳು ಕೈಚೀಲವನ್ನು ಎದೆಗೆ ಅವುಚಿಕೊಂಡಿದ್ದವು.

“ಅಕ್ಕ,” ಎಂದಳು, “ಇಲ್ಲಿ ಬೇಡ. ಮನೇಲಿ ಹೇಳ್ತೀನಿ.”

ಇನ್ಸ್‌ಪೆಕ್ಟರಳ ಎದೆಯೊಳಗೆ ಏನೋ ಒಂದು ಚಂಗನೆ ಎದ್ದಿತು. ಅದು ಭಯವಾಗಿದ್ದರೆ, ದುಃಖವಾಗಿದ್ದರೆ, ಅವಳು ತಡೆದುಕೊಳ್ಳುತ್ತಿದ್ದಳು. ಅದು ಸಂತೋಷವಾಗಿತ್ತು.

ಅವಳು ಕೈ ಚಾಚಿದಳು.

“ಚೀಲ ಕೊಡು.”